ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಪ್ರೋಗ್ರಾಂ ಬರೆಯುವುದು ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವುದು

ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಕೊಂಡವರಲ್ಲಿ ಬಹುಪಾಲು ಜನ ಅದರಲ್ಲಿ ರೇಖಾಚಿತ್ರ ಬಿಡಿಸಿ, ಪಟ್ಟಿಗಳ ಸರಾಸರಿ ಕಂಡುಹಿಡಿದು ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ 1985ರಲ್ಲಿ ಕ್ಯಾಸಿಯೊ ಕಂಪನಿ ಎಫ್‌ಎಕ್ಸ್-7000ಜಿ ಎಂಬ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಹೊರತಂದಾಗಲೇ ಅದರಲ್ಲಿ ಪ್ರೋಗ್ರಾಂ ಬರೆಯುವ ಸೌಲಭ್ಯವಿತ್ತು. ಇಂದಿಗೂ ಈ ಯಂತ್ರಗಳ ನಿಜವಾದ ಶಕ್ತಿ ಇರುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-84 ಪ್ಲಸ್ ಸರಣಿಯನ್ನು ಮುಖ್ಯ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಬೇರೆ ತಯಾರಕರ ಯಂತ್ರಗಳ ವಿಷಯವನ್ನು ಕೊನೆಯ ಭಾಗದಲ್ಲಿ ಚಿಕ್ಕದಾಗಿ ಹೇಳಿದ್ದೇನೆ. ಪ್ರೋಗ್ರಾಮನ್ನು ಕ್ಯಾಲ್ಕುಲೇಟರಿನಲ್ಲಿ ಓಡಿಸಿ ಪರೀಕ್ಷಿಸಬೇಕು, ಆದರೆ ಅದರ ಮೂಲ ಪ್ರತಿ ಸದಾ ಕಂಪ್ಯೂಟರಿನಲ್ಲಿ ಇರಬೇಕು ಎಂಬ ಒಂದು ನಿಯಮವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ಹಂತಗಳೂ ಅದಕ್ಕೆ ಹೊಂದಿಕೊಂಡು ಬರುತ್ತವೆ.

ಯಂತ್ರ ಪ್ರೋಗ್ರಾಮನ್ನು ಹೇಗೆ ಇಟ್ಟುಕೊಳ್ಳುತ್ತದೆ

ಹೊಸಬರು ಮೊದಲ ದಿನವೇ ಎಡವುವ ಜಾಗ ಇದು. ಈ ಯಂತ್ರದಲ್ಲಿ ಪ್ರೋಗ್ರಾಂ ಬರೆಯುವ ಟಿಐ-ಬೇಸಿಕ್ ಎಂಬ ಭಾಷೆಯ ಆದೇಶಗಳನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡುವಂತಿಲ್ಲ. ಪರದೆಯಲ್ಲಿ ಏನನ್ನಾದರೂ ತೋರಿಸುವ 'ಡಿಸ್ಪ್' ಎಂಬ ಆದೇಶದ ನಾಲ್ಕು ರೋಮನ್ ಅಕ್ಷರಗಳನ್ನು ಆಲ್ಫಾ ಕೀಲಿ ಒತ್ತಿ ಬರೆದರೆ ಪರದೆಯ ಮೇಲೆ ಅದು ಆದೇಶವನ್ನು ಹೋಲುವಂತೆ ಕಂಡರೂ ಯಂತ್ರ ಅದನ್ನು ನಾಲ್ಕು ಚರಾಕ್ಷರಗಳ ಗುಣಾಕಾರವೆಂದು ಓದುತ್ತದೆ. ಆದೇಶವನ್ನು ಮೆನುವಿನಿಂದ ಆರಿಸಿಕೊಂಡಾಗ ಮಾತ್ರ ಅದು ಒಂದೇ ಗುರುತಾಗಿ ಸ್ಮೃತಿಯಲ್ಲಿ ಸೇರುತ್ತದೆ. ಈ ಗುರುತಿಗೆ ಟೋಕನ್ ಎನ್ನುತ್ತಾರೆ. ಒಂದು ಟೋಕನ್ ಒಂದು ಅಥವಾ ಎರಡು ಬೈಟ್‌ಗಳಷ್ಟೇ ಜಾಗ ಹಿಡಿಯುತ್ತದೆ. 'ಡಿಸ್ಪ್' ಪೂರ್ತಿಯಾಗಿ ಒಂದೇ ಬೈಟ್. ಸಣ್ಣ ರೋಮನ್ ಅಕ್ಷರಗಳು ಮಾತ್ರ ಒಂದೊಂದೂ ಎರಡು ಬೈಟ್ ತಿನ್ನುತ್ತವೆ, ಆದ್ದರಿಂದ ಪರದೆಯ ಮೇಲೆ ತೋರಿಸುವ ಸಂದೇಶಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುವುದು ವಾಡಿಕೆ.

ಟಿಐ-84 ಪ್ಲಸ್‌ನಲ್ಲಿ ಬಳಕೆದಾರರಿಗೆ ಸಿಗುವ ರ‍್ಯಾಮ್ ಸುಮಾರು 24 ಕಿಲೋಬೈಟ್, ಪ್ರೊಸೆಸರ್ 15 ಮೆಗಾಹರ್ಟ್ಸ್ ವೇಗದ ಝಡ್80. 2015ರಲ್ಲಿ ಬಂದ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಯಂತ್ರದಲ್ಲಿ 154 ಕಿಲೋಬೈಟ್ ರ‍್ಯಾಮ್ ಮತ್ತು 48 ಮೆಗಾಹರ್ಟ್ಸ್‌ನ ಇಝಡ್80 ಇದೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಟೋಕನ್ ಪದ್ಧತಿ ಎಷ್ಟು ಅನುಕೂಲವೆಂಬುದು ಇದರಿಂದ ಗೊತ್ತಾಗುತ್ತದೆ.

ಮೊದಲ ಪ್ರೋಗ್ರಾಂ

ಪಿಆರ್‌ಜಿಎಂ ಎಂದು ಬರೆದಿರುವ ಕೀಲಿಯನ್ನು ಒತ್ತಿ, ಬಲಬಾಣದಿಂದ 'ನ್ಯೂ' ಎಂಬ ವಿಭಾಗಕ್ಕೆ ಹೋಗಿ ಎಂಟರ್ ಒತ್ತಿದರೆ ಪ್ರೋಗ್ರಾಮಿನ ಹೆಸರು ಕೇಳುತ್ತದೆ. ಹೆಸರಿಗೆ ಗರಿಷ್ಠ 8 ಅಕ್ಷರ. ಮೊದಲನೆಯದು ಅಕ್ಷರವೇ ಆಗಿರಬೇಕು, ಅಂಕಿ ಆಗಕೂಡದು. ಹೆಸರು ಕೊಟ್ಟು ಎಂಟರ್ ಒತ್ತಿದೊಡನೆ ಸಂಪಾದಕ ತೆರೆದುಕೊಳ್ಳುತ್ತದೆ. ಇಲ್ಲಿ ಮತ್ತೆ ಪಿಆರ್‌ಜಿಎಂ ಕೀಲಿ ಒತ್ತಿದಾಗ ಬರುವ ಮೆನು ಬೇರೆ: ಅದರ ಮೊದಲ ವಿಭಾಗದಲ್ಲಿ ಇಫ್, ದೆನ್, ಎಲ್ಸ್, ಫಾರ್, ವೈಲ್, ರಿಪೀಟ್, ಎಂಡ್ ಮುಂತಾದ ನಿಯಂತ್ರಣ ಆದೇಶಗಳೂ, ಎರಡನೆಯದರಲ್ಲಿ ಇನ್‌ಪುಟ್, ಪ್ರಾಂಪ್ಟ್, ಡಿಸ್ಪ್, ಔಟ್‌ಪುಟ್, ಗೆಟ್‌ಕೀ ಮುಂತಾದವೂ ಇವೆ. ಸಮ, ಅಸಮ, ಹೆಚ್ಚು, ಕಡಿಮೆ ಎಂಬ ಹೋಲಿಕೆಯ ಚಿಹ್ನೆಗಳು ಸೆಕೆಂಡ್ ಕೀಲಿಯ ನಂತರ ಮ್ಯಾಥ್ ಕೀಲಿ ಒತ್ತಿದರೆ ಸಿಗುತ್ತವೆ. ಬಾಣದ ಗುರುತು ಎಸ್‌ಟಿಓ ಕೀಲಿಯದು. ಅದರ ಎಡಗಡೆಯ ಬೆಲೆ ಬಲಗಡೆಯ ಚರಾಕ್ಷರಕ್ಕೆ ಹೋಗಿ ಕೂರುತ್ತದೆ.

ವರ್ಗ ಸಮೀಕರಣವನ್ನು ಬಿಡಿಸುವ ಪ್ರೋಗ್ರಾಮನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಎಲ್ಲರೂ ಬರೆಯುವ ಪ್ರೋಗ್ರಾಂ ನಿಜ, ಆದರೆ ಬಹುಪಾಲು ಜನ ಅದನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿ ಕಾಣುವ ಸಾಲುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಕ್ಲಿಯರ್ ಹೋಮ್
ಪ್ರಾಂಪ್ಟ್ ಎ, ಬಿ, ಸಿ
ಇಫ್ ಎ = 0
ದೆನ್
ಡಿಸ್ಪ್ "ಎ = 0"
ಸ್ಟಾಪ್
ಎಂಡ್
ಬಿ² − 4ಎಸಿ → ಡಿ
ಇಫ್ ಡಿ < 0
ದೆನ್
ಡಿಸ್ಪ್ "ಡಿ < 0"
ಸ್ಟಾಪ್
ಎಂಡ್
ಡಿಸ್ಪ್ (-ಬಿ + √(ಡಿ)) / (2ಎ)
ಡಿಸ್ಪ್ (-ಬಿ − √(ಡಿ)) / (2ಎ)

ಕೊನೆಯ ಎರಡು ಸಾಲುಗಳಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಬಿ ಅಕ್ಷರದ ಮುಂದಿರುವುದು ಋಣ ಚಿಹ್ನೆ, ಅದಕ್ಕೆ ಎಂಟರ್ ಪಕ್ಕದಲ್ಲಿ ಆವರಣದೊಳಗೆ ಗೆರೆ ಬರೆದ ಕೀಲಿಯನ್ನೇ ಒತ್ತಬೇಕು. ಕಳೆಯುವ ಚಿಹ್ನೆಯ ಕೀಲಿ ಒತ್ತಿದರೆ ಸಿಂಟ್ಯಾಕ್ಸ್ ದೋಷ, ಅಂದರೆ ಬರೆದ ರೀತಿಯೇ ತಪ್ಪೆಂಬ ಸಂದೇಶ ಬರುತ್ತದೆ. ಮತ್ತೊಂದು, ಛೇದದಲ್ಲಿರುವ 2ಎ ಎಂಬುದನ್ನು ಆವರಣದೊಳಗೆ ಇಡಲೇಬೇಕು. ಆವರಣವಿಲ್ಲದಿದ್ದರೆ ಯಂತ್ರ ಎಡದಿಂದ ಬಲಕ್ಕೆ ಹೋಗುತ್ತ 2ರಿಂದ ಭಾಗಿಸಿ, ಬಂದುದನ್ನು ಎ ಬೆಲೆಯಿಂದ ಗುಣಿಸುತ್ತದೆ. ಎ ಬೆಲೆ 1 ಇರುವವರೆಗೆ ಉತ್ತರ ಸರಿಯಾಗಿಯೇ ಬರುವುದರಿಂದ ಈ ದೋಷ ಬಹಳ ಕಾಲ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಆದ್ದರಿಂದ ಪರೀಕ್ಷಿಸುವಾಗ ಎ ಬೆಲೆ 2 ಅಥವಾ 3 ಇರುವ ಸಮೀಕರಣವೊಂದನ್ನು ಖಂಡಿತ ಸೇರಿಸಿಕೊಳ್ಳಿ.

ಸೆಕೆಂಡ್ ಮತ್ತು ಮೋಡ್ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೆ ಸಂಪಾದಕದಿಂದ ಹೊರಬರುತ್ತೀರಿ. ಪ್ರತ್ಯೇಕವಾಗಿ ಉಳಿಸುವ ಅಗತ್ಯವಿಲ್ಲ, ಬರೆದದ್ದೆಲ್ಲ ಆಗಲೇ ಉಳಿದಿರುತ್ತದೆ. ಇದರ ಇನ್ನೊಂದು ಮುಖವೂ ಇದೆ: ಸಂಪಾದಕದಲ್ಲಿ ಕ್ಲಿಯರ್ ಕೀಲಿ ತಾಗಿದರೆ ಕರ್ಸರ್ ಇರುವ ಇಡೀ ಸಾಲು ಅಳಿಸಿಹೋಗುತ್ತದೆ. ಒಂದು ಗುರುತನ್ನು ಮಾತ್ರ ಅಳಿಸಲು ಡಿಇಎಲ್ ಕೀಲಿಯನ್ನೂ, ನಡುವೆ ಸೇರಿಸಲು ಸೆಕೆಂಡ್ ಮತ್ತು ಡಿಇಎಲ್ ಕೀಲಿಗಳನ್ನೂ ಬಳಸಬೇಕು. ಓಡಿಸುವುದಕ್ಕೆ ಪಿಆರ್‌ಜಿಎಂ ಒತ್ತಿ, ಮೊದಲ ವಿಭಾಗದಲ್ಲಿ ಹೆಸರನ್ನು ಆರಿಸಿ ಎರಡು ಸಲ ಎಂಟರ್ ಒತ್ತಿದರೆ ಸಾಕು. ಪ್ರೋಗ್ರಾಂ ಎಲ್ಲಿಯೋ ಸಿಕ್ಕಿಹಾಕಿಕೊಂಡರೆ ಆನ್ ಕೀಲಿ ಅದನ್ನು ನಿಲ್ಲಿಸುತ್ತದೆ. ಆಗ ಬರುವ ದೋಷದ ಪರದೆಯಲ್ಲಿ 'ಗೋಟು' ಆರಿಸಿದರೆ ಯಂತ್ರ ಸಂಪಾದಕವನ್ನು ತೆರೆದು ಕರ್ಸರನ್ನು ನಿಂತ ಜಾಗಕ್ಕೇ ಒಯ್ಯುತ್ತದೆ.

ಉತ್ತರ ತಪ್ಪುವ ಜಾಗ

ಎ, ಬಿ, ಸಿಗಳಿಗೆ ಕ್ರಮವಾಗಿ 1, -3, 2 ಕೊಟ್ಟರೆ 2 ಮತ್ತು 1 ಎಂಬ ಮೂಲಗಳು ಬರುತ್ತವೆ. ಈಗ 1, 100000000, 1 ಕೊಟ್ಟು ನೋಡಿ. ಮೊದಲ ಮೂಲ 0 ಎಂದು ತೋರಿಸುತ್ತದೆ. ಸಿ ಬೆಲೆ 1 ಇರುವಾಗ ಯಾವ ಮೂಲವೂ ಸೊನ್ನೆ ಆಗಲಾರದು. ನಿಜವಾದ ಉತ್ತರ ಸುಮಾರು -0.00000001. ಯಂತ್ರ ಸಂಖ್ಯೆಗಳನ್ನು 14 ಅಂಕಿಗಳ ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. ಬಿ ವರ್ಗದಲ್ಲಿ 17 ಅಂಕಿಗಳಿರುವಾಗ ಅದರಿಂದ 4 ಕಳೆದದ್ದು ದಾಖಲಾಗುವುದೇ ಇಲ್ಲ. ಶೋಧಕದ, ಅಂದರೆ ಡಿ ಬೆಲೆಯ ವರ್ಗಮೂಲ ಬಿ ಬೆಲೆಗೇ ಸಮನಾಗಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ಹೀಗಾಗದಂತೆ ಮಾಡಲು ಕಳೆಯುವ ಪ್ರಸಂಗವೇ ಬಾರದ ಮೂಲವನ್ನು ಮೊದಲು ಕಂಡುಹಿಡಿದು, ಮೂಲಗಳ ಗುಣಲಬ್ಧ ಸಿ ಭಾಗಿಸು ಎ ಎಂಬ ಸೂತ್ರದಿಂದ ಎರಡನೆಯದನ್ನು ಪಡೆಯಬೇಕು. ಕೊನೆಯ ಎರಡು ಸಾಲುಗಳ ಬದಲಿಗೆ ಇವನ್ನು ಇಡಿ.

ಇಫ್ ಬಿ ≥ 0
ದೆನ್
(-ಬಿ − √(ಡಿ)) / (2ಎ) → ಪಿ
ಎಲ್ಸ್
(-ಬಿ + √(ಡಿ)) / (2ಎ) → ಪಿ
ಎಂಡ್
0 → ಕ್ಯೂ
ಇಫ್ ಪಿ ≠ 0
ಸಿ / (ಎಪಿ) → ಕ್ಯೂ
ಡಿಸ್ಪ್ ಪಿ, ಕ್ಯೂ

ಇಫ್ ಆದೇಶದ ನಂತರ ದೆನ್ ಇಲ್ಲದಿದ್ದರೆ ಅದರ ಮುಂದಿನ ಒಂದೇ ಒಂದು ಸಾಲಿಗೆ ಆ ಷರತ್ತು ಅನ್ವಯಿಸುತ್ತದೆ, ಅದಕ್ಕೆ ಎಂಡ್ ಕೂಡ ಬೇಡ. ಬಿ ಮತ್ತು ಸಿ ಎರಡೂ ಸೊನ್ನೆಯಾಗಿದ್ದಾಗ ಪಿ ಸಹ ಸೊನ್ನೆಯಾಗುವುದರಿಂದ ಸೊನ್ನೆಯಿಂದ ಭಾಗಿಸುವ ದೋಷವನ್ನು ಆ ಷರತ್ತು ತಡೆಯುತ್ತದೆ. ಶೋಧಕ ಋಣವಾದಾಗಲೂ ಉತ್ತರ ಬೇಕೆನ್ನುವವರು ಮೋಡ್ ಪರದೆಯಲ್ಲಿ ಸಮ್ಮಿಶ್ರ ಸಂಖ್ಯೆಗಳ ಆಯ್ಕೆ ಮಾಡಿ ಡಿ ಪರೀಕ್ಷೆಯ ಐದು ಸಾಲುಗಳನ್ನು ತೆಗೆಯಬಹುದು. ಆ ಆಯ್ಕೆ ಮಾಡದೆ ತೆಗೆದರೆ ಯಂತ್ರ 'ನಾನ್‌ರಿಯಲ್' ಎಂಬ ದೋಷ ಹೇಳಿ ನಿಲ್ಲುತ್ತದೆ.

ಆವರ್ತನೆ ಮತ್ತು ಜಿಗಿತ

ದೊಡ್ಡ ಪ್ರೋಗ್ರಾಂಗಳಿಗೆ ಕೈ ಹಾಕುವ ಮೊದಲು ಫಾರ್, ವೈಲ್, ರಿಪೀಟ್ ಎಂಬ ಮೂರು ಆವರ್ತನೆಗಳನ್ನು, ಅಂದರೆ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಆದೇಶಗಳನ್ನು ಚೆನ್ನಾಗಿ ರೂಢಿ ಮಾಡಿಕೊಳ್ಳಬೇಕು. ವೈಲ್ ಷರತ್ತು ನಿಜವಿರುವವರೆಗೆ ನಡೆಯುತ್ತದೆ. ರಿಪೀಟ್ ಷರತ್ತು ನಿಜವಾಗುವವರೆಗೆ ನಡೆಯುತ್ತದೆ, ಅಲ್ಲದೆ ಒಳಗಿನ ಸಾಲುಗಳು ಒಮ್ಮೆಯಾದರೂ ನಡೆದೇ ನಡೆಯುತ್ತವೆ. ಈ ಕಾರಣದಿಂದ ಕೀಲಿ ಒತ್ತುವುದನ್ನು ಕಾಯುವುದಕ್ಕೆ ರಿಪೀಟ್ ಅತ್ಯಂತ ಸೂಕ್ತ: 'ರಿಪೀಟ್ ಕೆ', ಅದರ ಕೆಳಗೆ 'ಗೆಟ್‌ಕೀ → ಕೆ', ಅದರ ಕೆಳಗೆ 'ಎಂಡ್' ಎಂಬ ಮೂರೇ ಸಾಲು. ಗೆಟ್‌ಕೀ ಕೊಡುವ ಸಂಖ್ಯೆಯಲ್ಲಿ ಕೀಲಿಯ ಸಾಲು ಮೊದಲು, ಸಾಲಿನೊಳಗಿನ ಸ್ಥಾನ ಕೊನೆಯ ಅಂಕಿ. ಎಂಟರ್ ಹತ್ತನೆಯ ಸಾಲಿನ ಐದನೆಯ ಕೀಲಿಯಾದ್ದರಿಂದ ಅದರ ಸಂಖ್ಯೆ 105.

ಲೇಬಲ್ ಎಂಬ ಗುರುತು ಇಟ್ಟ ಸಾಲಿಗೆ ಜಿಗಿಯುವ ಗೋಟು ಆದೇಶವನ್ನು ಪೂರ್ತಿ ಬಿಡಿ ಎಂದು ಹೇಳಲಾರೆ, ಆದರೆ ಆವರ್ತನೆಯ ಒಳಗಿನಿಂದಾಗಲಿ ದೆನ್ ಮತ್ತು ಎಂಡ್‌ಗಳ ನಡುವಿನಿಂದಾಗಲಿ ಗೋಟು ಮೂಲಕ ಹೊರಕ್ಕೆ ಜಿಗಿಯಬಾರದು. ಆ ಆವರ್ತನೆ ಇನ್ನೂ ಮುಗಿದಿಲ್ಲವೆಂದು ಯಂತ್ರ ನೆನಪಿನಲ್ಲಿ ಇಟ್ಟುಕೊಂಡೇ ಇರುತ್ತದೆ. ಮತ್ತೆ ಮತ್ತೆ ಹೀಗೆ ಜಿಗಿದರೆ ಖಾಲಿ ರ‍್ಯಾಮ್ ಕರಗುತ್ತ ಬಂದು ಕೊನೆಗೆ ಸ್ಮೃತಿ ಸಾಲದೆಂಬ ದೋಷ ಬರುತ್ತದೆ. ಜೊತೆಗೆ ಪ್ರತಿ ಗೋಟುವಿಗೂ ಯಂತ್ರ ಪ್ರೋಗ್ರಾಮಿನ ಮೊದಲ ಸಾಲಿನಿಂದ ಲೇಬಲನ್ನು ಹುಡುಕಿಕೊಂಡು ಬರಬೇಕಾಗುವುದರಿಂದ ವೇಗವೂ ಕುಂದುತ್ತದೆ.

ಕಂಪ್ಯೂಟರಿಗೆ ಜೋಡಿಸುವುದು ಏಕೆ ಅನಿವಾರ್ಯ

ಟಿಐ-84 ಪ್ಲಸ್‌ನಲ್ಲಿ ಸ್ಮೃತಿ ಎರಡು ಬಗೆ. ಬರೆದ ಪ್ರೋಗ್ರಾಂ ಮೊದಲು ಹೋಗುವುದು ರ‍್ಯಾಮ್‌ಗೆ, ಯಂತ್ರ ಕೆಟ್ಟು ಮರುಪ್ರಾರಂಭವಾದರೆ ಅಥವಾ ಯಾರಾದರೂ ಸ್ಮೃತಿಯ ಮೆನುವಿನಲ್ಲಿ ರೀಸೆಟ್ ಒತ್ತಿದರೆ ಅದರಲ್ಲಿದ್ದುದೆಲ್ಲ ಹೋಗುತ್ತದೆ. ಎರಡನೆಯದು ಆರ್ಕೈವ್, ಅಂದರೆ ಫ್ಲ್ಯಾಶ್ ಸ್ಮೃತಿ, ಸುಮಾರು 480 ಕಿಲೋಬೈಟ್. ಸಿಇ ಮಾದರಿಯಲ್ಲಿ ಸುಮಾರು 3 ಮೆಗಾಬೈಟ್. ಸೆಕೆಂಡ್ ಮತ್ತು ಕೂಡಿಸುವ ಕೀಲಿ ಒತ್ತಿದಾಗ ಬರುವ ಮೆನುವಿನಲ್ಲಿ ಆರ್ಕೈವ್ ಆಯ್ಕೆ ಇದೆ. ಅಲ್ಲಿಗೆ ಸೇರಿಸಿದ ಪ್ರೋಗ್ರಾಮಿನ ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು ಬರುತ್ತದೆ. ಟಿಐ-84 ಪ್ಲಸ್‌ನಲ್ಲಿ ಆರ್ಕೈವ್‌ನಲ್ಲಿರುವ ಪ್ರೋಗ್ರಾಮನ್ನು ನೇರವಾಗಿ ಓಡಿಸಲು ಆಗುವುದಿಲ್ಲ, ಮತ್ತೆ ರ‍್ಯಾಮ್‌ಗೆ ತರಬೇಕು. ಆರ್ಕೈವ್ ರ‍್ಯಾಮ್‌ಗಿಂತ ಸುರಕ್ಷಿತವೇನೋ ಹೌದು, ಆದರೆ ಅದನ್ನೂ ಅಳಿಸುವ ಆಯ್ಕೆ ಅದೇ ಮೆನುವಿನಲ್ಲಿದೆ. ಯಂತ್ರವೇ ಕಳೆದುಹೋದರೆ ಎರಡೂ ಹೋದಂತೆ.

ಕೇಬಲ್ ಮತ್ತು ತಂತ್ರಾಂಶ

ಟಿಐ-84 ಪ್ಲಸ್ ಮತ್ತು ಸಿಇ ಮಾದರಿಗಳಲ್ಲಿ ಮಿನಿ-ಯುಎಸ್‌ಬಿ ಕಿಂಡಿ ಇದೆ. ಹಳೆಯ ಫೋನುಗಳ ಮೈಕ್ರೋ-ಯುಎಸ್‌ಬಿಗಿಂತ ಇದು ದಪ್ಪ, ಒಂದರ ಬದಲು ಇನ್ನೊಂದು ಹಿಡಿಸುವುದಿಲ್ಲ. ಕೇವಲ ವಿದ್ಯುತ್ ಸಾಗಿಸುವ ಕೇಬಲ್‌ಗಳೂ ಮಾರುಕಟ್ಟೆಯಲ್ಲಿ ಇವೆ. ಅಂಥದ್ದನ್ನು ಜೋಡಿಸಿದರೆ ಸಿಇ ಯಂತ್ರ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಸಂಪರ್ಕ ಸಿಗದಿದ್ದಾಗ ಮೊದಲು ಕೇಬಲನ್ನೇ ಬದಲಾಯಿಸಿ ನೋಡಬೇಕು. 1999ರ ಟಿಐ-83 ಪ್ಲಸ್‌ನಲ್ಲಿ ಯುಎಸ್‌ಬಿ ಇಲ್ಲ, 2.5 ಮಿಲಿಮೀಟರಿನ ದುಂಡು ಕಿಂಡಿ ಮಾತ್ರ. ಅದಕ್ಕೆ ಸಿಲ್ವರ್‌ಲಿಂಕ್ ಎಂಬ ವಿಶೇಷ ಯುಎಸ್‌ಬಿ ಕೇಬಲ್ ಬೇಕು.

ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ ತಯಾರಕರೇ ಉಚಿತವಾಗಿ ಕೊಡುವ ಟಿಐ ಕನೆಕ್ಟ್ ಸಿಇ ತಂತ್ರಾಂಶವಿದೆ. ಮೊದಲು ತಂತ್ರಾಂಶವನ್ನು ಸ್ಥಾಪಿಸಿ, ಆಮೇಲೆ ಕೇಬಲ್ ಜೋಡಿಸಿ, ಕ್ಯಾಲ್ಕುಲೇಟರನ್ನು ಆನ್ ಮಾಡಿ ಮುಖ್ಯ ಪರದೆಯಲ್ಲಿ ಬಿಡುವುದು ಸರಿಯಾದ ಕ್ರಮ. ಪ್ರೋಗ್ರಾಂ ಓಡುತ್ತಿರುವಾಗ ಯಂತ್ರ ಕಂಪ್ಯೂಟರಿಗೆ ಉತ್ತರ ಕೊಡುವುದಿಲ್ಲ. ಲಿನಕ್ಸ್‌ನಲ್ಲಿ ಟಿಐಎಲ್‌ಪಿ ಎಂಬ ಮುಕ್ತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಯುಎಸ್‌ಬಿ ಸಾಧನವನ್ನು ತೆರೆಯುವ ಅನುಮತಿ ಕೊಡುವ ಯುಡೆವ್ ನಿಯಮ ಇರಬೇಕು, ಇಲ್ಲದಿದ್ದರೆ ಕೇಬಲ್ ಸರಿಯಿದ್ದರೂ ಸಂಪರ್ಕ ಆಗದು.

ಸಂಪರ್ಕ ಸಿಕ್ಕ ಮೇಲೆ ಟಿಐ ಕನೆಕ್ಟ್ ಸಿಇ ತಂತ್ರಾಂಶದ ಕ್ಯಾಲ್ಕುಲೇಟರ್ ಎಕ್ಸ್‌ಪ್ಲೋರರ್ ವಿಭಾಗದಲ್ಲಿ ಯಂತ್ರದ ಪ್ರೋಗ್ರಾಂ, ಪಟ್ಟಿ, ಚಿತ್ರಗಳೆಲ್ಲ ಸಾಲಾಗಿ ಕಾಣುತ್ತವೆ. ಬೇಕಾದುದನ್ನು ಎಳೆದು ಕಂಪ್ಯೂಟರಿನ ಫೋಲ್ಡರಿಗೆ ಬಿಟ್ಟರೆ ಪ್ರತಿ ಸಿದ್ಧ. ಪ್ರೋಗ್ರಾಂ ಫೈಲುಗಳ ಹೆಸರು '.8ಎಕ್ಸ್‌ಪಿ' ಎಂದು ಕೊನೆಗೊಳ್ಳುತ್ತದೆ. ಕಂಪ್ಯೂಟರಿನಿಂದ ಕಳಿಸುವಾಗ ರ‍್ಯಾಮ್‌ಗೋ ಆರ್ಕೈವ್‌ಗೋ ಎಂದು ಆರಿಸಲು ಅವಕಾಶವಿದೆ. ಮುಖ್ಯ ಕೆಲಸವೊಂದನ್ನು ಮುಗಿಸಿದಾಗಲೆಲ್ಲ ಫೈಲಿನ ಹೆಸರಿಗೆ ದಿನಾಂಕ ಸೇರಿಸಿ ಹೊಸ ಪ್ರತಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಬದಲಾದರೂ ಯಂತ್ರಕ್ಕೆ ಹೋಗುವುದು ಫೈಲಿನ ಒಳಗೆ ಬರೆದಿರುವ ಪ್ರೋಗ್ರಾಮಿನ ಹೆಸರು.

ಅದೇ ತಂತ್ರಾಂಶದಲ್ಲಿ ಪ್ರೋಗ್ರಾಂ ಸಂಪಾದಕವೂ ಇದೆ. ನೂರು ಸಾಲಿನ ಪ್ರೋಗ್ರಾಮನ್ನು ಪುಟ್ಟ ಕೀಲಿಗಳ ಮೇಲೆ ಬರೆಯುವುದಕ್ಕಿಂತ ಇಲ್ಲಿ ಬರೆಯುವುದು ಎಷ್ಟೋ ಮೇಲು. ಆದರೆ '.8ಎಕ್ಸ್‌ಪಿ' ಫೈಲಿನ ಒಳಗಿರುವುದು ಟೋಕನ್‌ಗಳು, ಅಕ್ಷರಗಳಲ್ಲ. ನೋಟ್‌ಪ್ಯಾಡಿನಂಥ ಸಾಮಾನ್ಯ ಸಂಪಾದಕದಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ, ಅಲ್ಲೇ ಉಳಿಸಿಬಿಟ್ಟರೆ ಫೈಲು ಕೆಡುತ್ತದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಋಣ ಚಿಹ್ನೆಗೂ ಕಳೆಯುವ ಚಿಹ್ನೆಗೂ ಒಂದೇ ಕೀಲಿ ಇರುವುದರಿಂದ ಋಣ ಚಿಹ್ನೆಯನ್ನು ಸಂಪಾದಕದ ಪಕ್ಕದಲ್ಲಿರುವ ಆದೇಶಗಳ ಪಟ್ಟಿಯಿಂದಲೇ ಆರಿಸಿ ಸೇರಿಸಿ. ಯಂತ್ರದಲ್ಲಿ ಸರಿಯಾಗಿ ಓಡುತ್ತಿದ್ದ ಸೂತ್ರ ಕಂಪ್ಯೂಟರಿನಲ್ಲಿ ಮತ್ತೆ ಬರೆದಾಗ ಸಿಂಟ್ಯಾಕ್ಸ್ ದೋಷ ಕೊಟ್ಟರೆ ಮೊದಲು ನೋಡಬೇಕಾದದ್ದು ಈ ಚಿಹ್ನೆಯನ್ನೇ.

ಒಂದು ಯಂತ್ರದಿಂದ ಇನ್ನೊಂದಕ್ಕೆ

ಕಂಪ್ಯೂಟರ್ ಇಲ್ಲದೆಯೂ ಎರಡು ಕ್ಯಾಲ್ಕುಲೇಟರುಗಳನ್ನು ಕೇಬಲ್ ಮೂಲಕ ಜೋಡಿಸಬಹುದು. ಸೆಕೆಂಡ್ ಮತ್ತು ಎಕ್ಸ್ ಚರಾಕ್ಷರದ ಕೀಲಿ ಒತ್ತಿದರೆ ಲಿಂಕ್ ಮೆನು ಬರುತ್ತದೆ. ಪಡೆಯುವ ಯಂತ್ರದಲ್ಲಿ ಮೊದಲು 'ರಿಸೀವ್' ಒತ್ತಿ ಕಾಯುವ ಸ್ಥಿತಿಗೆ ತಂದು, ಆಮೇಲೆ ಕಳಿಸುವ ಯಂತ್ರದಲ್ಲಿ ಪ್ರೋಗ್ರಾಮನ್ನು ಗುರುತಿಸಿ 'ಟ್ರಾನ್ಸ್‌ಮಿಟ್' ಒತ್ತಬೇಕು. ಕ್ರಮ ತಿರುವುಮುರುವಾದರೆ ದೋಷ ಬರುತ್ತದೆ. ಅದೇ ಹೆಸರಿನ ಪ್ರೋಗ್ರಾಂ ಪಡೆಯುವ ಕಡೆ ಆಗಲೇ ಇದ್ದರೆ ಹೆಸರು ಬದಲಿಸುವುದೋ, ಹಳೆಯದರ ಮೇಲೆ ಬರೆಯುವುದೋ, ಬಿಟ್ಟುಬಿಡುವುದೋ ಎಂದು ಯಂತ್ರ ಕೇಳುತ್ತದೆ.

ಬೇರೆ ತಯಾರಕರ ಯಂತ್ರಗಳು

ಜೋಡಿಸುವ ವಿಷಯದಲ್ಲಿ ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಹೆಚ್ಚು ಸರಳ. ಕೇಬಲ್ ಹಾಕಿದಾಗ ಬರುವ ಪರದೆಯಲ್ಲಿ ಎಫ್1 ಒತ್ತಿದರೆ ಯಂತ್ರ ಪೆನ್‌ಡ್ರೈವ್‌ನಂತೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ, ಯಾವ ತಂತ್ರಾಂಶವೂ ಬೇಡ. ಅದರಲ್ಲಿ ಪೈಥಾನ್ ಕೂಡ ಇರುವುದರಿಂದ ಸಾಮಾನ್ಯ ಪಠ್ಯ ಸಂಪಾದಕದಲ್ಲಿ ಬರೆದ '.ಪಿವೈ' ಫೈಲನ್ನು ನಕಲಿಸಿದರೆ ಸಾಕು. ಕೇಬಲ್ ಕೀಳುವ ಮೊದಲು ಕಂಪ್ಯೂಟರಿನಲ್ಲಿ 'ಇಜೆಕ್ಟ್' ಮಾಡುವುದನ್ನು ಮಾತ್ರ ತಪ್ಪಿಸಬಾರದು. ನಮ್‌ವರ್ಕ್ಸ್ ಯಂತ್ರದಲ್ಲಿಯೂ ಪೈಥಾನ್ ಇದೆ, ಅದು ಕ್ರೋಮ್‌ನಂಥ ಬ್ರೌಸರಿನ ಮೂಲಕವೇ ಜೋಡಣೆಯಾಗುತ್ತದೆ. 2013ರಲ್ಲಿ ಬಂದ ಎಚ್‌ಪಿ ಪ್ರೈಮ್‌ಗೆ ಕನೆಕ್ಟಿವಿಟಿ ಕಿಟ್ ಎಂಬ ತನ್ನದೇ ತಂತ್ರಾಂಶವಿದೆ.

ಕಾರ್ಯಾಚರಣ ವ್ಯವಸ್ಥೆ ಮತ್ತು ಪರೀಕ್ಷಾ ಸ್ಥಿತಿ

ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸುವುದೂ ಇದೇ ಕೇಬಲ್ ಮೂಲಕವೇ. ಬ್ಯಾಟರಿ ಚೆನ್ನಾಗಿರುವಾಗ ಮಾತ್ರ ಅದಕ್ಕೆ ಕೈ ಹಾಕಿ, ಎಲ್ಲ ಪ್ರೋಗ್ರಾಂಗಳ ಪ್ರತಿ ತೆಗೆದುಕೊಂಡ ಮೇಲೆಯೇ ಆರಂಭಿಸಿ, ಮುಗಿಯುವವರೆಗೆ ಕೇಬಲನ್ನು ಮುಟ್ಟಬೇಡಿ. ಸಿಇ ಯಂತ್ರ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು: 2020ರಿಂದೀಚಿನ ಆವೃತ್ತಿಗಳಲ್ಲಿ ಅಸೆಂಬ್ಲಿ (ಪ್ರೊಸೆಸರಿಗೆ ನೇರವಾಗಿ ಆದೇಶ ಕೊಡುವ ಭಾಷೆ) ಮತ್ತು ಸಿ ಭಾಷೆಯ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುವ ಸೌಲಭ್ಯವನ್ನು ತಯಾರಕರು ತೆಗೆದುಹಾಕಿದ್ದಾರೆ. ಟಿಐ-ಬೇಸಿಕ್ ಮಾತ್ರ ಬಳಸುವವರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಅಸೆಂಬ್ಲಿ ಕಲಿಯಬೇಕೆನ್ನುವವರು ನವೀಕರಣದ ಗುಂಡಿ ಒತ್ತುವ ಮೊದಲು ಯೋಚಿಸಬೇಕು.

ಪರೀಕ್ಷಾ ಕೊಠಡಿಗಳಿಗಾಗಿ ಈ ಯಂತ್ರಗಳಲ್ಲಿ ವಿಶೇಷ ಸ್ಥಿತಿಯೊಂದಿದೆ. ಟಿಐ-84 ಪ್ಲಸ್ ಆಫ್ ಆಗಿರುವಾಗ ಎಡ ಮತ್ತು ಬಲ ಬಾಣಗಳನ್ನು ಹಿಡಿದುಕೊಂಡು ಆನ್ ಒತ್ತಿದರೆ ಅದು ಆರಂಭವಾಗಿ, ಒಳಗಿರುವ ಪ್ರೋಗ್ರಾಂಗಳು ಬಳಕೆಗೆ ಸಿಗದಂತಾಗುತ್ತವೆ. ಪರೀಕ್ಷೆ ಮುಗಿದ ಮೇಲೆ ಇನ್ನೊಂದು ಕ್ಯಾಲ್ಕುಲೇಟರಿಗೋ ಟಿಐ ಕನೆಕ್ಟ್ ಇರುವ ಕಂಪ್ಯೂಟರಿಗೋ ಜೋಡಿಸಿದಾಗ ಆ ಸ್ಥಿತಿಯಿಂದ ಹೊರಬರುತ್ತದೆ. ಈ ಸ್ಥಿತಿಗೆ ಹೋಗುವ ಮುನ್ನ ರ‍್ಯಾಮ್‌ನಲ್ಲಿರುವ ಪ್ರೋಗ್ರಾಂಗಳನ್ನು ಕಂಪ್ಯೂಟರಿಗೆ ನಕಲಿಸಿಟ್ಟುಕೊಂಡರೆ, ಹೊರಬಂದ ಮೇಲೆ ಯಂತ್ರದೊಳಗೆ ಏನಾದರೂ ಕಾಣದಿದ್ದಾಗ ಅದೇ ಕೇಬಲಿನಿಂದ ಕೂಡಲೇ ಮತ್ತೆ ತುಂಬಿಕೊಳ್ಳಬಹುದು.